ನರಮೃಗಭಾವಚಿತ್ರಗಳು: ಸಂಸೃಷ್ಟಿಯೋ, ಸಂಕರವೋ?

೧. ವಿಷಯಪ್ರವೇಶ

ಮನುಷ್ಯನ ಮುಖದಲ್ಲಿ ಮೃಗದ ಛಾಯೆಯನ್ನೂ ಮೃಗದ ಮುಖದಲ್ಲಿ ಮನುಷ್ಯನ ಛಾಯೆಯನ್ನೂ ಕಾಣುವುದು ಮಾನವಬುದ್ಧಿಗೆ ಹೊಸತಾದ ವ್ಯಾಪಾರವಲ್ಲ. ನರಸಿಂಹ, ಹಯಗ್ರೀವ, ಗಜಾನನ, ಕಿನ್ನರ ಮೊದಲಾದ ರೂಪಗಳು ನಮ್ಮ ವಾಙ್ಮಯದಲ್ಲಿಯೂ ಶಿಲ್ಪದಲ್ಲಿಯೂ ಸುಪ್ರಸಿದ್ಧವಾಗಿರುವುವು. ಆದರೆ ಕಳೆದ ನಾಲ್ಕು ದಶಕಗಳಿಂದ ಈಚೆಗೆ, ಮೊದಲು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ, ಗಣಕಯಂತ್ರದ ಸಹಾಯದಿಂದ ರಚಿತವಾದ ಒಂದು ಬಗೆಯ ಭಾವಚಿತ್ರಗಳು ಕಾಣಿಸಿಕೊಂಡಿವೆ. ಇವುಗಳಲ್ಲಿ ಮನುಷ್ಯಭಾಗವು ಎಲ್ಲಿ ಮುಗಿಯಿತು, ಮೃಗಭಾಗವು ಎಲ್ಲಿ ಮೊದಲಾಯಿತು ಎಂಬುದನ್ನು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ.

ಈ ಚಿತ್ರಗಳನ್ನು ಮೊದಲ ಬಾರಿ ನೋಡಿದವರು "ಇದು ನಮ್ಮ ನರಸಿಂಹನಂತೆಯೇ ಇದೆಯಲ್ಲ" ಎಂದು ಹೇಳಿ ಸುಮ್ಮನಾಗುವುದುಂಟು. ಹಾಗೆ ಹೇಳುವುದು ಸರಿಯಲ್ಲವೆಂಬುದೂ, ಎರಡಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಲು ಬೇಕಾದ ಮಾತುಗಳು ನಮ್ಮ ಅಲಂಕಾರ, ವ್ಯಾಕರಣ, ನ್ಯಾಯಶಾಸ್ತ್ರಗಳಲ್ಲಿಯೇ ಸಿದ್ಧವಾಗಿವೆ ಎಂಬುದೂ ಈ ಲೇಖನದ ಪ್ರತಿಪಾದ್ಯವಾಗಿದೆ. ಈ ವ್ಯತ್ಯಾಸವು ಕೇವಲ ಲಕ್ಷಣಕಾರರ ಸೂಕ್ಷ್ಮತೆಗೆ ಸಂಬಂಧಪಟ್ಟುದಲ್ಲ. ಒಬ್ಬ ಮನುಷ್ಯನ ಮುಖವನ್ನು ಮೃಗಕ್ಕೆ ಹೋಲಿಸುವುದರಿಂದ ಅವನಿಗೆ ಗೌರವವೋ ಅಗೌರವವೋ ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ.

೨. ಎರಡು ಉದಾಹರಣೆಗಳು

ಪ್ರಕೃತಕ್ಕೆ ಇಬ್ಬರು ಚಿತ್ರಕಾರರ ಕೃತಿಗಳನ್ನು ತೆಗೆದುಕೊಳ್ಳೋಣ. ಮೊದಲನೆಯವರು ನ್ಯಾನ್ಸಿ ಬರ್ಸನ್. ಇವರು ಒಂದು ಮುಖದ ಚಿತ್ರವನ್ನು ಬೇರೊಂದು ವಯಸ್ಸಿನ ಮುಖವಾಗಿ ಮಾರ್ಪಡಿಸುವ ಯಂತ್ರವಿಧಾನಕ್ಕೆ ೧೯೮೧ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದವರಲ್ಲಿ ಒಬ್ಬರು. ಮಕ್ಕಳು ಕಾಣೆಯಾಗಿ ವರ್ಷಗಳು ಕಳೆದ ಮೇಲೆ ಅವರ ಮುಖ ಹೇಗಿರಬಹುದೆಂದು ಊಹಿಸಿ ಹುಡುಕುವುದಕ್ಕೂ ಈ ವಿಧಾನವು ಉಪಯೋಗವಾಯಿತು. ೧೯೮೨ರಲ್ಲಿ ಇವರು ಅಣ್ವಸ್ತ್ರಗಳನ್ನು ಹೊಂದಿದ್ದ ರಾಷ್ಟ್ರಗಳ ನಾಯಕರ ಮುಖಗಳನ್ನು, ಆಯಾ ರಾಷ್ಟ್ರದ ಅಸ್ತ್ರಗಳ ಪ್ರಮಾಣಕ್ಕೆ ಅನುಸಾರವಾಗಿ ಬೆರೆಸಿ, ಒಂದೇ ಮುಖವನ್ನು ಮಾಡಿದರು. ರೇಗನ್ನರ ಅಂಶ ನೂರಕ್ಕೆ ೫೫, ಬ್ರೆಜ್ನೆವ್‌ರ ಅಂಶ ೪೫ರಷ್ಟು. ಉಳಿದವರದು ಒಂದಕ್ಕಿಂತಲೂ ಕಡಿಮೆ. ಅನಂತರ ೧೯೮೪ರಲ್ಲಿ ರಿಚರ್ಡ್ ಕಾರ್ಲಿಂಗ್, ಡೇವಿಡ್ ಕ್ರಾಮ್ಲಿಕ್ ಎಂಬವರ ಸಹಕಾರದಿಂದ, ಮನುಷ್ಯನ ಮುಖವನ್ನೂ ಚಿಂಪಾಂಜಿಯ ಮುಖವನ್ನೂ ಒಂದಾಗಿಸಿದ ಕಪ್ಪುಬಿಳುಪಿನ ಭಾವಚಿತ್ರವನ್ನು ರಚಿಸಿದರು. ಅದಕ್ಕೆ "ಎವಲ್ಯೂಷನ್ ೨", ಎಂದರೆ ವಿಕಾಸ, ಎಂದು ಹೆಸರು.

ಎರಡನೆಯವರು ಡೇನಿಯಲ್ ಲೀ. ಇವರು ೧೯೪೫ರಲ್ಲಿ ಚೀನಾದೇಶದ ಚೊಂಗ್‌ಚಿಂಗ್ ನಗರದಲ್ಲಿ ಜನಿಸಿ, ತೈವಾನಿನಲ್ಲಿ ಬೆಳೆದು, ಬಳಿಕ ನ್ಯೂಯಾರ್ಕಿನಲ್ಲಿ ನೆಲಸಿ, ಛಾಯಾಚಿತ್ರಕಾರರಾಗಿ ಕೆಲಸ ಮಾಡಿದವರು. ೧೯೯೦ರಲ್ಲಿ ಮೊದಲು ಪ್ರಕಟವಾದ ಫೋಟೋಷಾಪ್ ಎಂಬ ಚಿತ್ರಸಂಸ್ಕಾರದ ಸಾಧನವನ್ನು ಬಳಸಿ, ೧೯೯೩ರಲ್ಲಿ ಇವರು "ಮ್ಯಾನಿಮಲ್ಸ್" ಎಂಬ ಹನ್ನೆರಡು ಭಾವಚಿತ್ರಗಳ ಮಾಲೆಯನ್ನು ರಚಿಸಿದರು. ಚೀನೀಯರ ಕಾಲಗಣನೆಯಲ್ಲಿ ಹನ್ನೆರಡು ವರ್ಷಗಳ ಒಂದು ಆವೃತ್ತಿಯಿದ್ದು, ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಕುರಿ, ಕೋತಿ, ಹುಂಜ, ನಾಯಿ, ಹಂದಿ ಎಂದು ಪ್ರತಿಯೊಂದು ವರ್ಷಕ್ಕೂ ಒಂದೊಂದು ಪ್ರಾಣಿಯು ಅಧಿಪತಿಯಾಗಿರುತ್ತದೆ. ಲೀಯವರ ಪ್ರತಿಯೊಂದು ಚಿತ್ರದಲ್ಲಿಯೂ ಒಬ್ಬ ಮನುಷ್ಯನು ಆಯಾ ಪ್ರಾಣಿಯ ಮುಖಭಾವವನ್ನು ಧರಿಸಿ ನೇರವಾಗಿ ನಮ್ಮನ್ನು ನೋಡುತ್ತಾನೆ. ೧೯೯೪ರ "ಜಡ್ಜ್‌ಮೆಂಟ್" ಎಂಬ ಮಾಲೆಯು ಚೀನೀಯರ ಪಾತಾಳದ ನ್ಯಾಯಸಭೆಯನ್ನು ಕುರಿತದ್ದು. ಆ ಸಭೆಯ ಅಧಿಪತಿಗೆ ಚೀನೀಭಾಷೆಯಲ್ಲಿ ಯೆನ್‌ಲೊ ಎಂದು ಹೆಸರು. ಅದು ಬೌದ್ಧರ ಮೂಲಕ ಅಲ್ಲಿಗೆ ಹೋದ ನಮ್ಮ ಯಮರಾಜ ಶಬ್ದದ ರೂಪಾಂತರವೇ. ಅವನ ಭಟರಲ್ಲಿ ಎತ್ತಿನ ತಲೆಯವನೊಬ್ಬ, ಕುದುರೆಯ ಮುಖದವನೊಬ್ಬ ಇದ್ದಾರೆಂದು ಅಲ್ಲಿನ ಪುರಾಣವು ಹೇಳುತ್ತದೆ. ೧೯೯೯ರ "ಒರಿಜಿನ್" ಎಂಬ ಮಾಲೆಯಲ್ಲಿ ಮೀನಿನಂತಹ ರೂಪವೊಂದು ಹಂತ ಹಂತವಾಗಿ ಮನುಷ್ಯನಾಗುತ್ತದೆ.

೩. ರಚನಾಪ್ರಕಾರ

ಈ ಚಿತ್ರಗಳು ಹೇಗೆ ಆಗುವುವೆಂಬುದನ್ನು ತಿಳಿಯದೆ ಇವುಗಳ ಸ್ವರೂಪವನ್ನು ನಿರ್ಣಯಿಸುವುದು ಕಷ್ಟ. ಗಣಕಯಂತ್ರವು ಚಿತ್ರವನ್ನು ಪಿಕ್ಸೆಲ್ ಎಂಬ ಅತ್ಯಂತ ಸಣ್ಣ ಚೌಕಗಳನ್ನಾಗಿ ವಿಭಾಗಿಸಿಕೊಳ್ಳುತ್ತದೆ. ಕಪ್ಪುಬಿಳುಪಿನ ಚಿತ್ರದಲ್ಲಿ ಪ್ರತಿಯೊಂದು ಚೌಕವೂ ಒಂದು ಸಂಖ್ಯೆ. ಸಾಮಾನ್ಯವಾಗಿ ೦ ಎಂದರೆ ಗಾಢವಾದ ಕಪ್ಪು, ೨೫೫ ಎಂದರೆ ಶುದ್ಧವಾದ ಬಿಳುಪು. ಎರಡು ಮುಖಗಳನ್ನು ಬೆರೆಸಬೇಕಾದರೆ ಮೊದಲು ಕಣ್ಣಿನ ಕೊನೆಗಳು, ಮೂಗಿನ ತುದಿ, ಬಾಯಿಯ ಅಂಚುಗಳು ಇವುಗಳನ್ನು ಗುರುತಿಟ್ಟು, ಒಂದರ ಕಣ್ಣು ಮತ್ತೊಂದರ ಕಣ್ಣಿನ ಮೇಲೆಯೇ ಬರುವಂತೆ ಎರಡನ್ನೂ ಎಳೆದು ಹೊಂದಿಸುತ್ತಾರೆ. ಬಳಿಕ ಪ್ರತಿಯೊಂದು ಚೌಕದ ಎರಡು ಸಂಖ್ಯೆಗಳಿಗೂ ಬೇಕಾದ ಅಂಶದಂತೆ ಸರಾಸರಿಯನ್ನು ತೆಗೆಯುತ್ತಾರೆ.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಮೃಗದ ಚಿತ್ರದಲ್ಲಿ ಒಂದು ಚೌಕದ ಸಂಖ್ಯೆ ೬೦, ಮನುಷ್ಯನ ಚಿತ್ರದಲ್ಲಿ ಅದೇ ಚೌಕದ ಸಂಖ್ಯೆ ೧೮೦ ಆಗಿದ್ದರೆ, ಸಮಭಾಗದ ಮಿಶ್ರಣದಲ್ಲಿ ಅದು ೧೨೦ ಆಗುತ್ತದೆ. ಈ ೧೨೦ರಲ್ಲಿ ೬೦ ಎಲ್ಲಿದೆ, ೧೮೦ ಎಲ್ಲಿದೆ? ಕೇವಲ ಅದನ್ನು ನೋಡಿದವನು ಅದು ೬೦ ಮತ್ತು ೧೮೦ರಿಂದ ಆಯಿತೋ, ೧೦೦ ಮತ್ತು ೧೪೦ರಿಂದ ಆಯಿತೋ ಎಂದು ಹೇಳಲಾರನು. ಕತ್ತರಿಯಿಂದ ಎರಡು ಚಿತ್ರಗಳನ್ನು ಕತ್ತರಿಸಿ ಅಂಟಿಸಿದಾಗ ಪ್ರತಿಯೊಂದು ತುಂಡೂ ತನ್ನ ಮೂಲವನ್ನು ಉಳಿಸಿಕೊಂಡಿರುತ್ತದೆ, ಇಲ್ಲಿ ಹಾಗಲ್ಲ.

ಲೀಯವರ ವಿಧಾನವು ಇದಕ್ಕಿಂತ ತುಸು ಬೇರೆ. ಅವರು ಮನುಷ್ಯನ ಛಾಯಾಚಿತ್ರವನ್ನು ಆಧಾರವಾಗಿಟ್ಟುಕೊಂಡು, ಕಣ್ಣು, ಮೂಗು, ತುಟಿ, ಹಣೆ ಇವುಗಳ ಅಳತೆಗಳನ್ನು ಕ್ರಮಕ್ರಮವಾಗಿ ಮಾರ್ಪಡಿಸುತ್ತ ಹೋಗುತ್ತಾರೆ. ಬರ್ಸನ್ನರದು ಎರಡು ಬಿಂಬಗಳ ಗಣಿತ. ಲೀಯವರದು ಒಂದು ಬಿಂಬದ ಮೇಲಣ ಕೈಕೆಲಸ. ಫಲದಲ್ಲಿ ಮಾತ್ರ ಎರಡಕ್ಕೂ ಒಂದು ಸಮಾನಧರ್ಮವುಂಟು. ಅದೇ ಹೊಲಿಗೆಯಿಲ್ಲದಿರುವಿಕೆ.

೪. ಮೇಳನದ ಎರಡು ನ್ಯಾಯಗಳು

ಒಂದಕ್ಕಿಂತ ಹೆಚ್ಚು ಅಲಂಕಾರಗಳು ಒಂದು ಪದ್ಯದಲ್ಲಿ ಸೇರಿದಾಗ ಅವು ಸೇರುವ ಬಗೆಯನ್ನು ಆಲಂಕಾರಿಕರು ಎರಡಾಗಿ ವಿಂಗಡಿಸಿರುವುದು ವಾಚಕರಿಗೆ ವಿದಿತವೇ ಆಗಿದೆ. ಎಳ್ಳನ್ನೂ ಅಕ್ಕಿಯನ್ನೂ ಬೆರೆಸಿದಾಗ ಎರಡೂ ಕೂಡಿದ್ದರೂ ಒಂದೊಂದು ಕಾಳೂ ಪ್ರತ್ಯೇಕವಾಗಿ ಕಾಣುವಂತೆ, ಭೇದವು ಸ್ಫುಟವಾಗಿರುವ ಮೇಳನಕ್ಕೆ ಸಂಸೃಷ್ಟಿಯೆಂದು ಹೆಸರು, ಇದು ತಿಲತಂಡುಲನ್ಯಾಯ. ಹಾಲನ್ನೂ ನೀರನ್ನೂ ಬೆರೆಸಿದಂತೆ ಭೇದವು ಅಸ್ಫುಟವಾಗಿರುವ ಮೇಳನಕ್ಕೆ ಸಂಕರವೆಂದು ಹೆಸರು, ಇದು ಕ್ಷೀರನೀರನ್ಯಾಯ. ಅಪ್ಪಯ್ಯದೀಕ್ಷಿತರು ತಮ್ಮ ಕುವಲಯಾನಂದದ ಕೊನೆಯ ಭಾಗದಲ್ಲಿ ಈ ವಿಷಯಕ್ಕೆ ಪೀಠಿಕೆ ಹಾಕುವಾಗ, ಇಂತಹ ಮೇಳನವು ಬಿಡಿ ಅಲಂಕಾರಗಳಿಗಿಂತ ಬೇರೆಯಾದ ಒಂದು ಸೊಗಸನ್ನು ಪಡೆದು ಸ್ವತಂತ್ರವಾಗಿ ನಿಲ್ಲುತ್ತದೆಂಬುದಕ್ಕೆ ನರಸಿಂಹನನ್ನೇ ದೃಷ್ಟಾಂತವಾಗಿ ಹೇಳಿದ್ದಾರೆ. ನರನೂ ಸಿಂಹವೂ ಸೇರಿದಾಗ ಅದು ನರನ ಲೆಕ್ಕಕ್ಕೂ ಸೇರದೆ, ಸಿಂಹದ ಲೆಕ್ಕಕ್ಕೂ ಸೇರದೆ, ನರಸಿಂಹನೆಂದೇ ಪ್ರತ್ಯೇಕವಾಗಿ ಗಣಿಸಲ್ಪಡುವುದಷ್ಟೆ.

ಶಾಸ್ತ್ರದಲ್ಲಿ ಈ ನ್ಯಾಯಗಳು ಅಲಂಕಾರಗಳ ಮೇಳನಕ್ಕೆ ಹೇಳಿದುವೇ ಹೊರತು ರೂಪಗಳ ಮೇಳನಕ್ಕಲ್ಲವೆಂದು ಆಕ್ಷೇಪಿಸಬಹುದು. ಆದರೆ ಇವು ಲೋಕದ ವಸ್ತುಗಳಿಂದ ಎತ್ತಿಕೊಂಡ ನ್ಯಾಯಗಳಾದುದರಿಂದ, ಮರಳಿ ವಸ್ತುಗಳಿಗೆ ಅನ್ವಯಿಸುವುದರಲ್ಲಿ ದೋಷವಿಲ್ಲವೆಂದು ನಮ್ಮ ಅಭಿಪ್ರಾಯ.

ಈಗ ಶಿಲ್ಪದ ನರಸಿಂಹನನ್ನು ನೋಡೋಣ. ಬಾದಾಮಿಯಲ್ಲಿ ೫೭೮ರಲ್ಲಿ ಪೂರ್ಣವಾದ ಮೂರನೆಯ ಗುಹೆಯಲ್ಲಿ ನಿಂತಿರುವ ನರಸಿಂಹನಾಗಲಿ, ೧೫೨೮ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಹಂಪೆಯಲ್ಲಿ ಕಡೆದ ಏಕಶಿಲೆಯ ನರಸಿಂಹನಾಗಲಿ, ಕೊರಳಿನ ಮೇಲೆ ಸಿಂಹ, ಕೊರಳಿನ ಕೆಳಗೆ ನರ. ಕೇಸರಗಳು ಹೆಗಲಿನ ಮೇಲೆ ಇಳಿದು ಆ ಸಂಧಿಯನ್ನು ಮರೆಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಇದು ತಿಲತಂಡುಲದ ಮೇಳನ. ಪುರಾಣದ ಕಥೆಯಾದರೋ ಹಿರಣ್ಯಕಶಿಪುವಿನ ವರವನ್ನು ಮೀರುವುದಕ್ಕಾಗಿ ನರನೂ ಅಲ್ಲದ ಮೃಗವೂ ಅಲ್ಲದ ರೂಪವನ್ನು ಬೇಡುತ್ತದೆ. ಮಾತು "ಇದೂ ಅಲ್ಲ, ಅದೂ ಅಲ್ಲ" ಎಂದಿತು. ಕಲ್ಲು "ಇಷ್ಟು ಇದು, ಇಷ್ಟು ಅದು" ಎಂದು ತೋರಿಸಿತು. ಇದು ಶಿಲ್ಪಿಯ ಅಸಾಮರ್ಥ್ಯವಲ್ಲ. ಪೂಜಾರ್ಹವಾದ ಮೂರ್ತಿಯು ನೋಡಿದೊಡನೆ ಗುರುತಾಗಬೇಕು. ಸಿಂಹವು ಸಿಂಹವೆಂದೂ ನರನು ನರನೆಂದೂ ತಿಳಿದರೆ ಮಾತ್ರ ಎರಡರ ಕೂಟದ ಮಹಿಮೆಯು ತಿಳಿಯುವುದು. ಆದರೂ ಪುರಾಣದ ನಿಷೇಧವಾಕ್ಯಕ್ಕೆ ಸರಿಯಾದ ರೂಪವು ಕಣ್ಣಿಗೆ ಕಾಣುವಂತಾದುದು, ಹಾಲುನೀರಿನಂತೆ ಬೆರೆತ ಈ ಹೊಸ ಚಿತ್ರಗಳಲ್ಲಿಯೇ ಎಂದು ಹೇಳಬಹುದಾಗಿದೆ. ಹಾಲನ್ನು ನೀರಿನಿಂದ ಬೇರ್ಪಡಿಸುವ ಹಂಸವು ಕವಿಸಮಯದಲ್ಲಿ ಉಂಟು. ೧೨೦ನ್ನು ೬೦ ಮತ್ತು ೧೮೦ ಆಗಿ ಬೇರ್ಪಡಿಸುವ ಹಂಸವು ಯಾವ ಸಮಯದಲ್ಲಿಯೂ ಇಲ್ಲ.

ಹೆಸರುಗಳಲ್ಲಿಯೂ ಇದೇ ಭೇದವನ್ನು ಕಾಣಬಹುದು. ನರಸಿಂಹ ಎಂಬ ಸಮಾಸದಲ್ಲಿ ಎರಡು ಪದಗಳೂ ಅಖಂಡವಾಗಿವೆ. ವಿಗ್ರಹವಾಕ್ಯದಲ್ಲಿ ಬಿಡಿಸಿದರೆ ಯಾವುದೂ ಕಡಿಮೆಯಾಗುವುದಿಲ್ಲ. ಮ್ಯಾನಿಮಲ್ ಎಂಬ ಲೀಯವರ ಹೆಸರಿನಲ್ಲಿ ಮನುಷ್ಯವಾಚಕವಾದ ಮ್ಯಾನ್ ಶಬ್ದದ ಕೊನೆಯೂ ಪ್ರಾಣಿವಾಚಕವಾದ ಆ್ಯನಿಮಲ್ ಶಬ್ದದ ಮೊದಲೂ ಒಂದೇ ಧ್ವನಿಯಾಗಿ, ಆ ಧ್ವನಿಯು ಎರಡಕ್ಕೂ ಸೇರಿದೆ. ಪಾಣಿನೀಯರು ಏಕಾದೇಶವಾದ ವರ್ಣಕ್ಕೆ ಅಂತಾದಿವದ್ಭಾವವನ್ನು ಹೇಳುತ್ತಾರೆ: ಎರಡು ಸ್ವರಗಳ ಸ್ಥಾನದಲ್ಲಿ ಬಂದ ಒಂದೇ ಸ್ವರವನ್ನು ಹಿಂದಿನ ಶಬ್ದದ ಅಂತ್ಯವೆಂದೂ ಮುಂದಿನ ಶಬ್ದದ ಆದಿಯೆಂದೂ ಎಣಿಸಬಹುದು. ಆದರೆ ಎರಡನ್ನೂ ಏಕಕಾಲದಲ್ಲಿ ಆಶ್ರಯಿಸಬೇಕಾದ ಕಾರ್ಯದಲ್ಲಿ ಈ ಅತಿದೇಶವು ನಡೆಯುವುದಿಲ್ಲವೆಂದು ಪರಿಭಾಷೆಯುಂಟು. ಲೀಯವರ ಚಿತ್ರದಲ್ಲಿರುವ ಮೂಗನ್ನು ನೋಡುವವನ ಅನುಭವವೂ ಇದೇ ಆಗಿದೆ. ಮನುಷ್ಯನದೆಂದು ನೋಡಿದರೆ ಅದು ಮನುಷ್ಯನದು. ಮೃಗದ್ದೆಂದು ನೋಡಿದರೆ ಮೃಗದ್ದು. ಎರಡೂ ಎಂದು ಒಂದೇ ಕ್ಷಣದಲ್ಲಿ ಹಿಡಿಯಲು ಹೋದರೆ ಕಣ್ಣು ಸೋಲುತ್ತದೆ.

೫. ಸಂಕರದ ಅವಾಂತರಭೇದಗಳು

ಸಂಕರವನ್ನು ಮಮ್ಮಟನೇ ಮೊದಲಾದವರು ಮತ್ತೆ ಮೂರಾಗಿ ವಿಭಾಗಿಸಿದ್ದಾರೆ. ಒಂದು ಮತ್ತೊಂದಕ್ಕೆ ಉಪಕಾರಕವಾಗಿರುವುದು ಅಂಗಾಂಗಿಭಾವ. ಇದೋ ಅದೋ ಎಂದು ನಿಶ್ಚಯಿಸಲಾಗದಿರುವುದು ಸಂದೇಹ. ಒಂದೇ ಪದದಲ್ಲಿ ಎರಡೂ ಪ್ರವೇಶಿಸಿರುವುದು ಏಕವಾಚಕಾನುಪ್ರವೇಶ. ಪ್ರಕೃತ ಚಿತ್ರಗಳನ್ನು ಓದುವುದಕ್ಕೆ ಈ ವಿಭಾಗವು ಬಹಳ ಉಪಯುಕ್ತವಾಗಿದೆ. ಲೀಯವರ ಚಿತ್ರಗಳಲ್ಲಿ ಮನುಷ್ಯನೇ ಅಂಗಿ, ಪ್ರಾಣಿಯು ಅಂಗ. ಆ ವ್ಯಕ್ತಿಯ ಸ್ವಭಾವವನ್ನು ಎತ್ತಿ ತೋರಿಸುವುದಕ್ಕಾಗಿ ಪ್ರಾಣಿಯು ಬಂದಿದೆ. ಬರ್ಸನ್ನರ ಚಿತ್ರದಲ್ಲಿ ಯಾವುದೂ ಪ್ರಧಾನವಲ್ಲ. ಅಲ್ಲಿ ಸಂದೇಹವೇ ಪ್ರಾಣ. ಇನ್ನು ಮೂಗು, ತುಟಿ ಮೊದಲಾದ ಒಂದೊಂದು ಅವಯವವನ್ನು ತೆಗೆದುಕೊಂಡರೆ ಎರಡರಲ್ಲಿಯೂ ಏಕವಾಚಕಾನುಪ್ರವೇಶವು ಕಂಡುಬರುವುದು.

ರಸದ ದೃಷ್ಟಿಯಿಂದಲೂ ಒಂದು ಮಾತನ್ನು ಹೇಳಬೇಕಾಗಿದೆ. ವಿಕೃತವಾದ ಆಕಾರವೂ ವೇಷವೂ ಹಾಸ್ಯಕ್ಕೆ ವಿಭಾವಗಳೆಂದು ಭರತಮತವಿದೆ. ಫ್ರಾನ್ಸ್ ದೇಶದ ಗ್ರಾಂವಿಲ್ ಎಂಬ ಚಿತ್ರಕಾರನು ೧೮೨೯ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ನಾಗರಿಕ ಉಡುಪನ್ನು ತೊಟ್ಟ ಮನುಷ್ಯಶರೀರಗಳಿಗೆ ಪ್ರಾಣಿಗಳ ತಲೆಗಳಿದ್ದು, ಅವು ಹಾಸ್ಯಕ್ಕೆ ಚೆನ್ನಾಗಿ ಒದಗಿದುವು. ಅಲ್ಲಿ ಹೊಲಿಗೆಯು ಕಾಣುತ್ತದೆ. ಆದುದರಿಂದ ನೋಡುವವನು ತಾನು ಹೊರಗೆ ನಿಂತು ನಗುತ್ತಾನೆ. ಹೊಲಿಗೆಯು ಕಾಣದಿದ್ದರೆ ನಗು ನಿಲ್ಲುತ್ತದೆ. ಲೀಯವರ ಚಿತ್ರಗಳ ಮುಂದೆ ಉಂಟಾಗುವುದು ಅದ್ಭುತ, ಅದರೊಡನೆ ಭಯದ ಒಂದು ಎಳೆ. ಆ ಭಯವು ಮೃಗವು ಮೇಲೆ ಬೀಳುವುದೆಂಬ ಭಯವಲ್ಲ. ತನ್ನ ಮುಖವೂ ಹೀಗೆಯೇ ಇದ್ದೀತೆಂಬ ಶಂಕೆ.

೬. ಜಾತಿಯೆಂಬ ಪ್ರಶ್ನೆ

ಇಂತಹ ರೂಪಕ್ಕೆ ಯಾವ ಜಾತಿ? ನೈಯಾಯಿಕರು ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಸಿದ್ಧಾಂತಮುಕ್ತಾವಳಿಯಲ್ಲಿ ಶರೀರದ ಲಕ್ಷಣವನ್ನು ಜಾತಿಯ ಮೂಲಕ ಹೇಳಿದ ವಿಶ್ವನಾಥಪಂಚಾನನನು, ನೃಸಿಂಹಶರೀರದಲ್ಲಿ ಆ ಲಕ್ಷಣವು ಹೇಗೆ ಹೊಂದುವುದೆಂದು ತಾನೇ ಶಂಕಿಸುತ್ತಾನೆ. ನೃಸಿಂಹನು ಒಬ್ಬನೇ, ಒಂದೇ ವ್ಯಕ್ತಿಯಲ್ಲಿರುವ ಧರ್ಮವು ಜಾತಿಯಾಗಲಾರದು. ಅದಕ್ಕೆ ಅವನು ಕೊಡುವ ಸಮಾಧಾನವೇನೆಂದರೆ, ಕಲ್ಪಭೇದದಿಂದ ನೃಸಿಂಹಶರೀರಗಳು ಅನೇಕವಾಗಿರುವುದರಿಂದ ನೃಸಿಂಹತ್ವವೆಂಬ ಜಾತಿಯು ಸಿದ್ಧಿಸುವುದು ಎಂಬುದು. ನರತ್ವವನ್ನೂ ಸಿಂಹತ್ವವನ್ನೂ ಏಕತ್ರ ಹೇಳಿಬಿಡುವುದು ಅವನಿಗೆ ಸುಲಭವಾಗಿತ್ತು. ಆದರೆ ಜಾತಿಸಾಂಕರ್ಯವು ದೋಷವೆಂದು ಉದಯನಾಚಾರ್ಯರಿಂದ ಮೊದಲುಗೊಂಡು ಒಪ್ಪಿಕೊಂಡಿರುವುದರಿಂದ ಅವನು ಆ ದಾರಿಯನ್ನು ಹಿಡಿಯಲಿಲ್ಲ.

ಈ ಸಮಾಧಾನವು ವಿನೋದವಾಗಿ ತೋರಬಹುದು. ಆದರೆ ಇದರಲ್ಲಿರುವ ವಿವೇಕವು ದೊಡ್ಡದು. ಜಾತಿಯ ಗೆರೆಯನ್ನು ಕಾಪಾಡಬೇಕೆಂದವನು ಗೆರೆಯ ಮೇಲೆ ನಿಂತ ಒಂದು ವ್ಯಕ್ತಿಗಾಗಿ ಹೊಸ ಜಾತಿಯನ್ನೇ ಒಪ್ಪಿಕೊಳ್ಳಬೇಕಾಯಿತು. ಬರ್ಸನ್ನರ ಗಣಿತದಲ್ಲಿ ಮನುಷ್ಯನ ಅಂಶವನ್ನು ೫೦ಕ್ಕೆ ಬದಲಾಗಿ ೫೧, ೫೨ ಎಂದು ಏರಿಸುತ್ತ ಹೋದರೆ ಪ್ರತಿಯೊಂದು ಮೆಟ್ಟಿಲಿಗೂ ಒಂದು ಮುಖವಿದೆ. ಪ್ರತಿಯೊಂದಕ್ಕೂ ಒಂದೊಂದು ಜಾತಿಯನ್ನು ಕಲ್ಪಿಸುವುದೇ, ಅಥವಾ ಯಾವುದೋ ಒಂದು ಮೆಟ್ಟಿಲಿನಲ್ಲಿ ಗೆರೆಯನ್ನು ಎಳೆಯುವುದೇ?

ಪ್ರಕೃತಿಶಾಸ್ತ್ರವೂ ಈ ಗೆರೆಯನ್ನು ದಪ್ಪವಾಗಿ ಎಳೆಯುವುದಿಲ್ಲ. ಡಾರ್ವಿನ್ ಮಹಾಶಯನು ೧೮೭೨ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಕೋಪ, ಭಯ, ದುಃಖ ಮೊದಲಾದುವು ಮುಖದಲ್ಲಿ ವ್ಯಕ್ತವಾಗುವ ರೀತಿಯು ಇಬ್ಬರಿಗೂ ಬಹಳಮಟ್ಟಿಗೆ ಸಮಾನವೆಂದು ಸಾಧಿಸಿದನು. ಛಾಯಾಚಿತ್ರಗಳನ್ನು ಪ್ರಮಾಣವಾಗಿ ಅಚ್ಚುಹಾಕಿದ ಮೊದಮೊದಲ ಶಾಸ್ತ್ರಗ್ರಂಥಗಳಲ್ಲಿ ಅದೊಂದು. ೨೦೦೫ರಲ್ಲಿ ಚಿಂಪಾಂಜಿಯ ವಂಶವಾಹಿಗಳ ಕರಡುಪಾಠವು ಪ್ರಕಟವಾದಾಗ, ಮನುಷ್ಯನ ಪಾಠದೊಡನೆ ಸರಿಹೊಂದಿಸಬಹುದಾದ ಭಾಗಗಳಲ್ಲಿ ಬಿಡಿ ಅಕ್ಷರಗಳ ಭೇದವು ನೂರಕ್ಕೆ ಸುಮಾರು ೧.೨೩ ಮಾತ್ರವೆಂದು ತಿಳಿದುಬಂದಿತು. ಅಕ್ಷರಗಳು ಸೇರಿದ ಅಥವಾ ಬಿಟ್ಟುಹೋದ ಸ್ಥಳಗಳನ್ನೂ ಎಣಿಸಿದರೆ ಭೇದವು ಹೆಚ್ಚಾಗುವುದು ನಿಜ. ಆದರೂ ಗ್ರಂಥಸಂಪಾದನೆಯನ್ನು ಬಲ್ಲವರು ಇಷ್ಟು ಪಾಠಾಂತರವುಳ್ಳ ಎರಡು ಪ್ರತಿಗಳನ್ನು ಒಂದೇ ಮೂಲದಿಂದ ಬಂದುವೆಂದು ಹೇಳಲು ಹಿಂಜರಿಯಲಾರರು.

೭. ಛಾಯಾಚಿತ್ರದ ಪ್ರಾಮಾಣ್ಯ

ಬರಿಯ ವರ್ಣಚಿತ್ರದಲ್ಲಿ ಇಂತಹ ಮುಖವನ್ನು ಬರೆದಿದ್ದರೆ ಇಷ್ಟು ಪರಿಣಾಮವಾಗುತ್ತಿರಲಿಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ "ಇದು ಕುದುರೆ" ಎನ್ನುವಾಗ ಆಗುವ ಜ್ಞಾನವು ಸಮ್ಯಗ್ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ; ಇವುಗಳಿಗೆ ವಿಲಕ್ಷಣವಾದುದು ಎಂದು ಶ್ರೀಶಂಕುಕನ ಮತ. ನಟನಲ್ಲಿ ರಾಮನನ್ನು ಕಾಣುವುದಕ್ಕೆ ಅವನು ಈ ಚಿತ್ರತುರಗನ್ಯಾಯವನ್ನು ದೃಷ್ಟಾಂತವಾಗಿ ಕೊಟ್ಟನು. ವರ್ಣಚಿತ್ರವು ಈ ವಿಲಕ್ಷಣಪ್ರತೀತಿಯಲ್ಲಿ ನಮ್ಮನ್ನು ಸುಖವಾಗಿ ಇರಿಸುತ್ತದೆ.

ಛಾಯಾಚಿತ್ರವು ಹಾಗಲ್ಲ. ಅದರ ಮುಂದೆ ವಸ್ತುವೊಂದು ಇದ್ದೇ ಇತ್ತು, ಅದರ ಬೆಳಕೇ ಇಲ್ಲಿ ಅಚ್ಚೊತ್ತಿದೆ ಎಂಬ ನಂಬಿಕೆಯಿಂದ ನಾವು ಅದನ್ನು ನೋಡುತ್ತೇವೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಛಾಯೆಯಿಂದ ಬಿಂಬವನ್ನು ಊಹಿಸುತ್ತೇವೆ. ಬರ್ಸನ್ನರೂ ಲೀಯವರೂ ಈ ವ್ಯಾಪ್ತಿಯನ್ನೇ ಮುರಿದಿದ್ದಾರೆ. ಚರ್ಮದ ರಂಧ್ರಗಳು, ಕಣ್ಣಿನ ತೇವ, ಕೂದಲಿನ ಎಳೆ ಎಲ್ಲವೂ "ಇದು ಇತ್ತು" ಎನ್ನುತ್ತವೆ. ಆಕಾರವು "ಇದು ಇರಲಿಲ್ಲ" ಎನ್ನುತ್ತದೆ. ಒಂದೇ ಯಂತ್ರವಿಧಾನವು ಕಾಣೆಯಾದ ಮಗುವನ್ನು ಹುಡುಕಲು ಸಾಧನವಾಗಿ, ಎಂದೂ ಇಲ್ಲದ ಮುಖವನ್ನು ನಿರ್ಮಿಸಲು ಸಹ ಸಾಧನವಾದುದನ್ನು ಮೇಲೆ ಕಂಡೆವು. ಈಚಿನ ವರ್ಷಗಳಲ್ಲಿ ಮಾತಿನ ಅಪ್ಪಣೆಯಿಂದಲೇ ಮುಖಗಳನ್ನು ನಿರ್ಮಿಸುವ ಯಂತ್ರಗಳು ಬಂದಿವೆ. ಅವುಗಳಲ್ಲಿ ಎದುರಿಗೆ ಕುಳಿತ ಒಬ್ಬ ವ್ಯಕ್ತಿಯೆಂಬ ಬಿಂಬವೇ ಇಲ್ಲ. ಲೀಯವರ ಚಿತ್ರಗಳಲ್ಲಾದರೋ ಒಬ್ಬ ಮನುಷ್ಯನು ನಿಜವಾಗಿಯೂ ಕುಳಿತಿದ್ದನು. ನಮ್ಮ ಭಾಷೆಯಲ್ಲಿ ಮುಖಚಿತ್ರಕ್ಕೆ ಭಾವಚಿತ್ರವೆಂಬ ಹೆಸರು ರೂಢಿಯಾಗಿದೆ. ಆ ಹೆಸರಿನಲ್ಲಿ ಆಕಾರಕ್ಕಿಂತ ಭಾವಕ್ಕೆ ಪ್ರಾಧಾನ್ಯವಿರುವುದರಿಂದ, ಆಕಾರವು ಸುಳ್ಳಾದರೂ ಭಾವವು ನಿಜವಾಗಿರುವ ಈ ಚಿತ್ರಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ.

೮. ಮುಖಲಕ್ಷಣದ ಅಪಾಯ

ಇನ್ನು ಈ ಕಲೆಯ ಗುಣದೋಷಗಳ ಮುಖ್ಯ ಸ್ಥಳಕ್ಕೆ ಬರೋಣ. ಮುಖದಲ್ಲಿ ಮೃಗಸಾದೃಶ್ಯವನ್ನು ಕಂಡು ಅದರಿಂದ ಆ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವ ಅಭ್ಯಾಸವು ಪ್ರಾಚೀನವಾದುದು. ವರಾಹಮಿಹಿರನ ಬೃಹತ್ಸಂಹಿತೆಯ ಪುರುಷಲಕ್ಷಣಾಧ್ಯಾಯದಲ್ಲಿ ಅನೂಕವೆಂಬ ಒಂದು ಪ್ರಕರಣವಿದೆ. ಗೂಳಿ, ಹುಲಿ, ಸಿಂಹ, ಗರುಡ ಇವುಗಳ ಮುಖವನ್ನು ಹೋಲುವವರು ಶತ್ರುಗಳನ್ನು ಗೆದ್ದ ರಾಜರಾಗುವರೆಂದೂ, ಕೋತಿ, ಕೋಣ, ಹಂದಿ, ಆಡು ಇವುಗಳನ್ನು ಹೋಲುವವರಿಗೆ ಪುತ್ರಧನಸುಖಗಳುಂಟೆಂದೂ, ಕತ್ತೆ ಮತ್ತು ಒಂಟೆಯನ್ನು ಹೋಲುವವರು ಧನಸುಖಗಳಿಲ್ಲದವರೆಂದೂ ಅಲ್ಲಿ ಹೇಳಿದೆ. ಅನೂಕ ಶಬ್ದಕ್ಕೆ ಕುಲ, ಸ್ವಭಾವ, ಪೂರ್ವಜನ್ಮ ಎಂಬ ಅರ್ಥಗಳು ಕೋಶಗಳಲ್ಲಿ ಕಂಡುಬರುತ್ತವೆ. ಮುಖದಲ್ಲಿ ಹಿಂದಿನ ಜನ್ಮದ ಮೃಗವು ಇಣುಕುವುದೆಂಬ ಭಾವನೆಯು ರಮಣೀಯವೇ. ಆದರೆ ಕತ್ತೆಯ ಮುಖದವನಿಗೆ ದಾರಿದ್ರ್ಯವನ್ನು ವಿಧಿಸುವುದು ನ್ಯಾಯವೇ?

ಯೂರೋಪಿನಲ್ಲಿಯೂ ಇದೇ ಮಾರ್ಗವು ನಡೆದಿದೆ. ಇಟಲಿಯ ದೆಲ್ಲಾ ಪೋರ್ತನು ೧೫೮೬ರಲ್ಲಿ ಪ್ರಕಟಿಸಿದ ಮುಖಲಕ್ಷಣಗ್ರಂಥದಲ್ಲಿ ಮನುಷ್ಯನ ತಲೆಯನ್ನೂ ಪ್ರಾಣಿಯ ತಲೆಯನ್ನೂ ಪಕ್ಕಪಕ್ಕದಲ್ಲಿ ಇರಿಸಿ ತೋರಿಸಿದನು, ಇದು ಉಪಮೆ. ಫ್ರಾನ್ಸಿನ ಅರಸನ ಚಿತ್ರಕಾರನಾದ ಲ ಬ್ರಂ ೧೬೭೧ರಲ್ಲಿ ಈ ವಿಷಯವಾಗಿ ಉಪನ್ಯಾಸ ಮಾಡಿದನು. ಇಂದು ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಅವನ ರೇಖಾಚಿತ್ರಗಳಲ್ಲಿ ಮನುಷ್ಯಮುಖವನ್ನೇ ಎತ್ತಿನಂತೆಯೂ ಗೂಬೆಯಂತೆಯೂ ತಿದ್ದಿರುವುದರಿಂದ ಅದು ರೂಪಕದ ಕಡೆಗೆ ಹೆಜ್ಜೆಯಿಟ್ಟಿದೆ. ಬಳಿಕ ಹಾಲೆಂಡಿನ ಕ್ಯಾಂಪರನು ಮುಖದ ಕೋನವನ್ನು ಅಳೆದು, ಕೋತಿಯಿಂದ ಮೊದಲುಗೊಂಡು ಗ್ರೀಕರ ಪ್ರತಿಮೆಯವರೆಗೆ ತಲೆಗಳನ್ನು ಸಾಲಾಗಿ ಇರಿಸಿದನು. ಆ ಸಾಲಿನಲ್ಲಿ ಆಫ್ರಿಕದವನ ತಲೆಯು ಕೋತಿಯ ಕಡೆಗೂ ಯೂರೋಪಿನವನ ತಲೆಯು ಪ್ರತಿಮೆಯ ಕಡೆಗೂ ಬಿದ್ದವು. ಮುಂದೆ ಬಂದವರು ಆ ಸಾಲನ್ನು ಜನಾಂಗಗಳ ಮೇಲುಕೀಳಿಗೆ ಪ್ರಮಾಣವಾಗಿ ಉಪಯೋಗಿಸಿದರು. ಮೃಗಸಾದೃಶ್ಯವು ಕೆಲವರಿಗೆ ಮಾತ್ರ ಹಂಚಲ್ಪಟ್ಟಾಗ ಅದು ನಿಂದೆಯಾಗುತ್ತದೆ. ಆ ನಿಂದೆಯ ಹೆಸರಿನಲ್ಲಿ ಮನುಷ್ಯರನ್ನು ಮೃಗಗಳಂತೆ ನಡೆಸಿಕೊಂಡ ಇತಿಹಾಸವನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಬೆರಕೆಯ ಭಾವಚಿತ್ರಗಳ ಮೂಲಪುರುಷನಾದ ಗಾಲ್ಟನ್ ಎಂಬ ಆಂಗ್ಲೇಯನ ಕಥೆಯು ಇಲ್ಲಿ ಸ್ಮರಣೀಯವಾಗಿದೆ. ಅವನು ಗಣಕಯಂತ್ರಕ್ಕೆ ಬಹಳ ಮೊದಲೇ, ೧೮೭೮ರಲ್ಲಿ, ಅನೇಕ ಅಪರಾಧಿಗಳ ಛಾಯಾಚಿತ್ರಗಳನ್ನು ಒಂದೇ ಫಲಕದ ಮೇಲೆ ಒಂದರ ಮೇಲೊಂದಾಗಿ ಮೂಡಿಸಿ, ಅಪರಾಧಿಯ ಮಾದರಿಮುಖವನ್ನು ಕಾಣಬೇಕೆಂದು ಯತ್ನಿಸಿದನು. ಆದರೆ ಬೆರೆತ ಮುಖವು ಬಿಡಿ ಮುಖಗಳಿಗಿಂತ ಸೌಮ್ಯವಾಗಿ ಬಂದಿತು. ಕ್ರೂರಲಕ್ಷಣಗಳು ಮಾಯವಾಗಿ ಸಾಮಾನ್ಯವಾದ ಮನುಷ್ಯತ್ವವು ಉಳಿಯಿತು. ಇದನ್ನು ಅವನೇ ಬರೆದಿಟ್ಟನು. ಆದರೂ ಅವನು ಮನುಷ್ಯರನ್ನು ಉತ್ತಮಾಧಮರೆಂದು ವಿಂಗಡಿಸಿ ವಂಶವನ್ನು ತಿದ್ದುವ ಮತವನ್ನು ಬಿಡಲಿಲ್ಲ. ೧೮೮೩ರಲ್ಲಿ ಅದಕ್ಕೊಂದು ಹೆಸರನ್ನೂ ಕೊಟ್ಟನು. ಫಲಕವು ಹೇಳಿದ್ದನ್ನು ಅವನ ಬುದ್ಧಿಯು ಕೇಳಲಿಲ್ಲವೆಂದೇ ಹೇಳಬೇಕು.

ಹೀಗಿರಲು ಲೀಯವರ ಹನ್ನೆರಡು ಚಿತ್ರಗಳ ಯೋಜನೆಯಲ್ಲಿ ಒಂದು ದೊಡ್ಡ ಔಚಿತ್ಯವನ್ನು ಕಾಣು‌ತ್ತೇವೆ. ಹನ್ನೆರಡು ವರ್ಷಗಳ ಆವೃತ್ತಿಯ ಹೊರಗೆ ಯಾರೂ ಹುಟ್ಟಲಾರರು. ಅರಸನಾದರೂ ಆಳಾದರೂ ಪಂಡಿತನಾದರೂ ಯಾವುದಾದರೊಂದು ಪ್ರಾಣಿಯ ವರ್ಷದವನೇ. ಸಿಂಹದ ಮುಖವನ್ನು ತಾನು ಇಟ್ಟುಕೊಂಡು ಕತ್ತೆಯ ಮುಖವನ್ನು ನೆರೆಯವನಿಗೆ ಕೊಡುವ ಅವಕಾಶವು ಇಲ್ಲಿ ಇಲ್ಲ. ವರಾಹಮಿಹಿರನಲ್ಲಿಯೂ ಲ ಬ್ರಂನಲ್ಲಿಯೂ ಮೃಗತ್ವವು ಹಣೆಗೆ ಹಚ್ಚಿದ ಗುರುತು. ಇಲ್ಲಿ ಅದು ಎಲ್ಲರಿಗೂ ಸಮನಾಗಿ ಬಂದ ಆಸ್ತಿ. "ಜಡ್ಜ್‌ಮೆಂಟ್" ಮಾಲೆಯಲ್ಲಿ ಈ ಭಾವನೆಯು ಇನ್ನೂ ಮುಂದುವರಿದಿದೆ. ಮೃಗಮುಖವನ್ನು ನೋಡಿ ತೀರ್ಪು ಕೊಡುತ್ತಿದ್ದವನು ಮನುಷ್ಯ. ಅಲ್ಲಿ ಮೃಗಮುಖರೇ ಸಭೆಯಲ್ಲಿ ಕುಳಿತಿದ್ದಾರೆ, ತೀರ್ಪನ್ನು ಕೇಳುವ ಸ್ಥಾನದಲ್ಲಿ ನೋಡುವವನು ನಿಂತಿದ್ದಾನೆ.

೯. ಉಪಸಂಹಾರ

ಮೇಲೆ ಹೇಳಿದುದನ್ನು ಸಂಗ್ರಹಿಸುವುದಾದರೆ, ಪ್ರಾಚೀನರ ನರಮೃಗರೂಪಗಳು ಸಂಸೃಷ್ಟಿಗೆ ಸೇರಿದುವು, ಗಣಕಯಂತ್ರದ ನರಮೃಗಭಾವಚಿತ್ರಗಳು ಸಂಕರಕ್ಕೆ ಸೇರಿದುವು. ಸಂಸೃಷ್ಟಿಯಲ್ಲಿ ಗೆರೆಯು ಉಳಿಯುವುದರಿಂದ ಎರಡು ಜಾತಿಗಳ ಪರಿಚಯವೂ ಅವುಗಳ ಕೂಟದ ಮಹಿಮೆಯೂ ತಿಳಿಯುತ್ತವೆ. ಸಂಕರದಲ್ಲಿ ಗೆರೆಯು ಅಳಿಯುವುದರಿಂದ, ಆ ಗೆರೆಯನ್ನು ಮೊದಲು ಎಳೆದವರು ಯಾರು, ಯಾವ ಪ್ರಯೋಜನಕ್ಕಾಗಿ ಎಳೆದರು ಎಂಬ ವಿಚಾರವು ಹುಟ್ಟುತ್ತದೆ. ಒಂದರಿಂದ ಮತ್ತೊಂದಕ್ಕೆ ಕುಂದಿಲ್ಲ. ಆದರೆ ಒಂದನ್ನು ಮತ್ತೊಂದೆಂದು ತಿಳಿಯುವುದರಿಂದ ಎರಡೂ ಕೆಡುತ್ತವೆ.

ಇಂತಹ ಚಿತ್ರಗಳು ಇನ್ನು ಮುಂದೆ ಅತ್ಯಂತ ಸುಲಭವಾಗಿಯೂ ಅಸಂಖ್ಯಾತವಾಗಿಯೂ ನಿರ್ಮಿತವಾಗುವುದರಲ್ಲಿ ಸಂಶಯವಿಲ್ಲ. ಅವುಗಳ ತಾರತಮ್ಯವನ್ನು ನಿರ್ಣಯಿಸಲು ಒಂದು ಪರೀಕ್ಷೆಯನ್ನು ಸೂಚಿಸುತ್ತೇವೆ. ಚಿತ್ರದಲ್ಲಿ ಮೃಗತ್ವವು ಯಾರ ಪಾಲಿಗೆ ಬಂದಿದೆಯೆಂದು ವಿಚಾರಿಸಬೇಕು. ಅದು ಚಿತ್ರದೊಳಗಿನವನ ಪಾಲಿಗೆ ಮಾತ್ರ ಬಂದು, ನೋಡುವವನು ಮನುಷ್ಯನಾಗಿ ಕ್ಷೇಮವಾಗಿ ಉಳಿದಿದ್ದರೆ, ಹೊಲಿಗೆಯು ಎಷ್ಟೇ ನಯವಾಗಿದ್ದರೂ ಅದು ಹಳೆಯ ಮುಖಲಕ್ಷಣದ ನಿಂದೆಯೇ. ಅದು ನೋಡುವವನನ್ನೂ ಒಳಗೊಂಡಿದ್ದರೆ ಮಾತ್ರ ನಿಜವಾದ ಸಂಕರವು ನಡೆದಿದೆ. ಹಾಲುನೀರಿನ ಮೇಳನವು ಚಿತ್ರಪಟದಲ್ಲಿ ನಿಲ್ಲದೆ ಸಹೃದಯನವರೆಗೂ ಬಂದಿದೆ. ಸಾಹಿತ್ಯವನ್ನು ಬೋಧಿಸುವ ಮಹನೀಯರು ಸಂಸೃಷ್ಟಿಸಂಕರಗಳನ್ನು ಪಾಠ ಹೇಳುವಾಗ ಎಳ್ಳು ಅಕ್ಕಿ ಹಾಲು ನೀರುಗಳೊಡನೆ ಈ ಚಿತ್ರಗಳನ್ನೂ ಉದಾಹರಿಸಿದರೆ, ವಿದ್ಯಾರ್ಥಿಗಳಿಗೆ ಶಾಸ್ತ್ರವು ಜೀವಂತವಾಗಿ ತೋರುವುದೆಂದು ನಂಬಿದ್ದೇವೆ. ಇಲ್ಲಿ ಮಾಡಿದ ಅನ್ವಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿದ್ವಾಂಸರು ಪರಿಶೀಲಿಸಬೇಕು.